ಬಳಸಿದ ಸಾಲ್ವೆಂಟನ್ನು (ದ್ರಾವಕವನ್ನು) ಸಿಮೆಂಟ್ ಗೂಡಿಗೆ ಕಳಿಸುವುದೋ, ನಮ್ಮಲ್ಲೇ ಬಟ್ಟಿ ಇಳಿಸುವುದೋ? ಇಂಗಾಲದ ಲೆಕ್ಕದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಜಿಗಣಿ ಪ್ರೊಡಕ್ಷನ್

ಮಾನ್ಯರೇ,

ಜಿಗಣಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ರಾಸಾಯನಿಕ ಘಟಕದಲ್ಲಿ ನಾನು ಉತ್ಪಾದನಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಔಷಧ ತಯಾರಕರಿಗೆ ಬೇಕಾಗುವ, ಔಷಧವಾಗುವುದಕ್ಕೆ ಮುಂಚಿನ ಹಂತದ ಎರಡು ಇಂಟರ್ಮೀಡಿಯೆಟ್‌ಗಳನ್ನು ತಿಂಗಳಿಗೆ ಸುಮಾರು 9 ಟನ್‌ನಷ್ಟು ತಯಾರಿಸುತ್ತೇವೆ. ನಮ್ಮ ಮಾಲನ್ನು ಕೊಳ್ಳುವ ಯುರೋಪಿನ ಒಂದು ಕಂಪನಿಯವರು ಕಳೆದ ತಿಂಗಳು ಪತ್ರ ಬರೆದು, ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಯೆಂಬ ಲೆಕ್ಕವನ್ನೂ, ಮುಂದಿನ ಮೂರು ವರ್ಷಗಳಲ್ಲಿ ಅದನ್ನು ಹೇಗೆ ತಗ್ಗಿಸುತ್ತೀರಿ ಎಂಬ ಯೋಜನೆಯನ್ನೂ ಕೇಳಿದ್ದಾರೆ. ಇದುವರೆಗೆ ಶುದ್ಧತೆ, ದರ, ಗಡುವು ಇವಿಷ್ಟನ್ನೇ ಕೇಳುತ್ತಿದ್ದವರು ಈಗ ಇದನ್ನೂ ಕೇಳಿರುವುದರಿಂದ ನಮ್ಮ ಯಜಮಾನರು ಸ್ವಲ್ಪ ಗಾಬರಿಯಾಗಿದ್ದಾರೆ.

ನನ್ನ ಬಳಿ ಇರುವ ತಿಂಗಳ ಸರಾಸರಿ ಅಂಕಿಗಳು ಹೀಗಿವೆ. ಬಾಯ್ಲರ್‌ಗೆ 11 ಟನ್ ಫರ್ನೇಸ್ ಆಯಿಲ್, ಬೆಸ್ಕಾಂನಿಂದ ಸುಮಾರು 60,000 ಯೂನಿಟ್ ವಿದ್ಯುತ್, 14 ಟನ್ ಟಾಲೂಯಿನ್ ಮತ್ತು 8 ಟನ್ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಖರೀದಿ. ಇವೆರಡೇ ನಾವು ಬಳಸುವ ಸಾಲ್ವೆಂಟುಗಳು. ಬಳಸಿದ ಸಾಲ್ವೆಂಟ್‌ನಲ್ಲಿ ನೀರನ್ನು ಬಿಟ್ಟು ಲೆಕ್ಕ ಹಾಕಿದರೆ 12 ಟನ್ ಟಾಲೂಯಿನ್ ಮತ್ತು 7 ಟನ್ ಐಪಿಎ ಡ್ರಮ್ಮುಗಳಲ್ಲಿ ಗೇಟು ದಾಟುತ್ತವೆ. ಪರವಾನಗಿ ಹೊಂದಿದ ಸಾಗಣೆದಾರರ ಮೂಲಕ ಅವು ಕಲಬುರಗಿ ಕಡೆಯ ಸಿಮೆಂಟ್ ಗೂಡುಗಳಿಗೆ ಇಂಧನವಾಗಿ ಹೋಗುತ್ತವೆ.

ಯಜಮಾನರಿಗೆ ಛಾವಣಿಯ ಮೇಲೆ 100 ಕಿಲೋವಾಟ್ ಸೌರ ಫಲಕಗಳನ್ನು ಹಾಕಿಸುವ ಆಸೆಯಿದೆ, ಏಕೆಂದರೆ ಬಂದವರ ಕಣ್ಣಿಗೆ ಅದು ಕಾಣುತ್ತದೆ. ನನಗೆ ಸಾಲ್ವೆಂಟ್ ಮರುಗಳಿಕೆಯ ಕಾಲಂ (ಬಟ್ಟಿ ಇಳಿಸುವ ಗೋಪುರ) ಹಾಕಿಸಬೇಕೆಂಬ ಯೋಚನೆಯಿದೆ. ಬಾಯ್ಲರ್ ನಡೆಸುವವರು ಎಣ್ಣೆ ಬಿಟ್ಟು ಸಿಪ್ಪೆ, ಹೊಟ್ಟನ್ನು ಒತ್ತಿ ಮಾಡಿದ ಬ್ರಿಕೆಟ್‌ಗೆ ಬದಲಾಯಿಸೋಣ ಎನ್ನುತ್ತಾರೆ. ಮೂರಕ್ಕೂ ಒಟ್ಟಿಗೆ ಹಣವಿಲ್ಲ. ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಗೂಡಿಗೆ ಹೋಗುವ ಸಾಲ್ವೆಂಟನ್ನು ನಾವು ಮರುಬಳಕೆ ಎಂದು ತೋರಿಸಬಹುದೇ? ಆಮದಿನ ಮೇಲೆ ಇಂಗಾಲಕ್ಕೆಂದು ಹಾಕುವ ಯುರೋಪಿನ ಗಡಿ ತೆರಿಗೆ ನಮಗೂ ತಟ್ಟುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬಾಯ್ಲರ್ ಮನೆ

ಪೀಣ್ಯದಲ್ಲೂ ಬೊಮ್ಮಸಂದ್ರದಲ್ಲೂ ಸೇರಿ ಮೂವತ್ತು ವರ್ಷ ಬಾಯ್ಲರ್‌ಗಳ ಮುಂದೆ ನಿಂತವನು ನಾನು. ನಿಮ್ಮ ಮೂರೂ ಯೋಜನೆಗಳಿಗೆ ಮುಂಚೆ ನಾಲ್ಕನೆಯದೊಂದಿದೆ, ಅದಕ್ಕೆ ದೊಡ್ಡ ಹಣವೂ ಬೇಡ: ಈಗಿರುವ ಸ್ಟೀಮನ್ನು ಪೋಲಾಗದಂತೆ ನೋಡಿಕೊಳ್ಳುವುದು.

ರಿಯಾಕ್ಟರ್ ಜಾಕೆಟ್‌ಗಳಿಂದ ಹೊರಬರುವ ಕಂಡೆನ್ಸೇಟ್ ನೀರನ್ನು (ಸ್ಟೀಮ್ ತಣಿದು ಆದ ಬಿಸಿನೀರನ್ನು) ನೀವು ಬಾಯ್ಲರ್‌ಗೆ ಹಿಂದಿರುಗಿಸುತ್ತಿದ್ದೀರಾ, ಅಥವಾ ಮೋರಿಗೆ ಬಿಡುತ್ತಿದ್ದೀರಾ? ಬಾಯ್ಲರ್‌ಗೆ ಹೋಗುವ ನೀರಿನ ಉಷ್ಣತೆ 6 ಡಿಗ್ರಿ ಏರಿದರೆ ಇಂಧನದಲ್ಲಿ ಸುಮಾರು ಶೇ 1ರಷ್ಟು ಉಳಿಯುತ್ತದೆ ಎಂಬುದು ನಮ್ಮ ಕಸುಬಿನ ಹಳೆಯ ಲೆಕ್ಕ. 30 ಡಿಗ್ರಿಯ ಬೋರ್‌ವೆಲ್ ನೀರಿನ ಬದಲು 80 ಡಿಗ್ರಿಯ ಕಂಡೆನ್ಸೇಟ್ ಹೋದರೆ ಶೇ 8ರಷ್ಟು ಉಳಿಯಿತು. ನಿಮ್ಮ 11 ಟನ್‌ನಲ್ಲಿ ಅದು ಹತ್ತಿರಹತ್ತಿರ 900 ಕಿಲೋ ಎಣ್ಣೆ. ಜೊತೆಗೆ ಮೆದುಗೊಳಿಸಿದ ನೀರೂ ಉಳಿಯುತ್ತದೆ. ಟ್ಯಾಂಕರ್ ನೀರಿಗೆ ಎಷ್ಟು ಕೊಡುತ್ತಿದ್ದೀರೆಂಬುದು ನಿಮಗೇ ಗೊತ್ತು. ಇನ್ನು 7 ಕೆಜಿ ಒತ್ತಡದ ಲೈನಿನಲ್ಲಿ 3 ಮಿಲಿಮೀಟರ್‌ನ ಒಂದು ತೂತಿದ್ದರೆ ಗಂಟೆಗೆ 25ರಿಂದ 30 ಕಿಲೋ ಸ್ಟೀಮ್ ಗಾಳಿಗೆ ಹೋಗುತ್ತದೆ. ಸ್ಟೀಮ್ ತಡೆದು ನೀರನ್ನಷ್ಟೇ ಹೊರಬಿಡಬೇಕಾದ ಸ್ಟೀಮ್ ಟ್ರ್ಯಾಪ್‌ಗಳು ಕೆಟ್ಟುಹೋದರೆ ಇಂಥ ತೂತುಗಳೇ, ಆದರೆ ಅವು ಸದ್ದು ಮಾಡುವುದಿಲ್ಲ.

ಬ್ರಿಕೆಟ್ ಬಗ್ಗೆ ಒಂದು ಮಾತು. ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟಿನ ಬ್ರಿಕೆಟ್ ಉರಿಸಿದಾಗ ಹೊರಬರುವ ಇಂಗಾಲ ಗಿಡದಿಂದ ಬಂದದ್ದೆಂದು ಲೆಕ್ಕಪುಸ್ತಕದಲ್ಲಿ ಬೇರೆಯಾಗಿ ಬರೆಯುತ್ತಾರೆ, ಸರಿ. ಆದರೆ ಮಳೆಗಾಲದಲ್ಲಿ ಒಣ ಬ್ರಿಕೆಟ್ ಸಿಗುವುದು, ಬೂದಿಯನ್ನು ಸಾಗಿಸುವುದು, ಹೊಗೆಯ ಕಣ ಹಿಡಿಯುವ ಬ್ಯಾಗ್ ಫಿಲ್ಟರ್, ಇವೆಲ್ಲ ಸೇರಿ ಬೇರೆಯೇ ಒಂದು ಸಂಸಾರ. ನಿಮ್ಮ ರಸ್ತೆಗೆ ಪೈಪ್ ಗ್ಯಾಸ್ ಬಂದಿದ್ದರೆ ಅದನ್ನು ಮೊದಲು ವಿಚಾರಿಸಿ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಕೊಳವೆ 2013ರಲ್ಲಿ ಶುರುವಾದ ಮೇಲೆ ಎಷ್ಟೋ ಕಾರ್ಖಾನೆಗಳು ಬದಲಾಗಿವೆ. ಅಷ್ಟೇ ಶಾಖಕ್ಕೆ ಫರ್ನೇಸ್ ಆಯಿಲ್‌ಗಿಂತ ಗ್ಯಾಸ್ ಬಿಡುವ ಇಂಗಾಲ ಕಾಲು ಭಾಗಕ್ಕಿಂತ ತುಸು ಹೆಚ್ಚೇ ತಗ್ಗುತ್ತದೆ, ಮಸಿಯೂ ಇಲ್ಲ.

ಉತ್ತರ 2: ಕಾಲಂ ಕಟ್ಟುವವಳು

ಬಾಯ್ಲರ್ ಮನೆಯವರು ಹೇಳಿದ್ದನ್ನು ಇಂದೇ ಶುರು ಮಾಡಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶ್ನೆ ಕೇಳಿದವರು ಕೊಟ್ಟಿರುವ ಅಂಕಿಗಳನ್ನು ಇಂಗಾಲಕ್ಕೆ ತಿರುಗಿಸಿ ಒಮ್ಮೆ ನೋಡೋಣ, ಆಗ ಚಿತ್ರ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಒಂದು ಟನ್ ಫರ್ನೇಸ್ ಆಯಿಲ್ ಉರಿದರೆ ಸುಮಾರು 3.1 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. 11 ಟನ್‌ಗೆ 34 ಟನ್. ದೇಶದ ವಿದ್ಯುತ್ ಜಾಲಕ್ಕೆ ಯೂನಿಟ್ಟಿಗೆ ಸುಮಾರು 0.7 ಕೆಜಿ ಎಂದು ಹಿಡಿಯುತ್ತಾರೆ. 60,000 ಯೂನಿಟ್ಟಿಗೆ 42 ಟನ್. ಇನ್ನು ಸಾಲ್ವೆಂಟ್. ಟಾಲೂಯಿನ್ ಅಣುವಿನಲ್ಲಿ ಏಳು ಇಂಗಾಲದ ಪರಮಾಣುಗಳಿವೆ, ಅಣುತೂಕ 92. ಪೂರ್ತಿ ಉರಿದರೆ 7ನ್ನು 44ರಿಂದ ಗುಣಿಸಿ 308. ಅಂದರೆ ಒಂದು ಕಿಲೋ ಟಾಲೂಯಿನ್‌ಗೆ 3.35 ಕಿಲೋ. ಐಪಿಎಗೆ ಇದೇ ರೀತಿ 2.2 ಕಿಲೋ. ನಿಮ್ಮ ಡ್ರಮ್ಮುಗಳಲ್ಲಿ ಹೋಗುವ 12 ಟನ್ ಮತ್ತು 7 ಟನ್‌ಗಳಿಂದ ಒಟ್ಟು 55 ಟನ್‌ಗೂ ಮೀರಿ ಆಯಿತು. ಅಂದರೆ ನಿಮ್ಮ ಚಿಮಣಿಗಿಂತಲೂ, ಬೆಸ್ಕಾಂ ಬಿಲ್ಲಿಗಿಂತಲೂ ಹೆಚ್ಚಿನ ಇಂಗಾಲ ಲಾರಿ ಹತ್ತಿ ಹೋಗುತ್ತಿದೆ. ಇದಕ್ಕೆ ಎದುರಾಗಿ, ಬೆಂಗಳೂರಿನ ಬಿಸಿಲಿನಲ್ಲಿ 100 ಕಿಲೋವಾಟ್ ಫಲಕಗಳು ದಿನಕ್ಕೆ 400 ಯೂನಿಟ್ ಕೊಟ್ಟವೆಂದರೆ ತಿಂಗಳಿಗೆ ಉಳಿಯುವುದು 8.4 ಟನ್. ಫಲಕ ಬೇಡವೆಂದಲ್ಲ, ಆದರೆ ಕಣ್ಣಿಗೆ ಕಾಣುವುದಕ್ಕೂ ತಕ್ಕಡಿಯಲ್ಲಿ ತೂಗುವುದಕ್ಕೂ ಇರುವ ವ್ಯತ್ಯಾಸವನ್ನು ಯಜಮಾನರಿಗೆ ತೋರಿಸಿ.

ಟಾಲೂಯಿನ್ ಬಟ್ಟಿ ಇಳಿಸುವುದು ಸುಲಭ. ಕುದಿಯುವುದು 110.6 ಡಿಗ್ರಿಗೆ, ಆವಿಯಾಗಲು ಬೇಕಾದ ಶಾಖ ನೀರಿಗೆ ಬೇಕಾದುದರ ಆರರಲ್ಲೊಂದು ಭಾಗ. 30 ಡಿಗ್ರಿಯಿಂದ ಬಿಸಿಮಾಡಿ ಆವಿಯಾಗಿಸಲು ಕಿಲೋಗೆ 510 ಕಿಲೋಜೂಲ್‌ನಷ್ಟು. ರಿಫ್ಲಕ್ಸ್ (ಇಳಿದದ್ದರಲ್ಲಿ ಒಂದು ಪಾಲನ್ನು ಮತ್ತೆ ಕಾಲಂಗೇ ಬಿಡುವುದು), ಸೋರಿಕೆ, ಬಾಯ್ಲರಿನ ದಕ್ಷತೆ ಎಲ್ಲವನ್ನೂ ಸೇರಿಸಿ ಮೂರುಪಟ್ಟು ಮಾಡಿಕೊಂಡರೂ ಒಂದು ಕಿಲೋ ಟಾಲೂಯಿನ್ ಮರಳಿ ಪಡೆಯಲು ಖರ್ಚಾಗುವ ಇಂಗಾಲ 0.15 ಕೆಜಿಯ ಒಳಗೇ ಇರುತ್ತದೆ.

ಐಪಿಎ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ನೀರು ಸೇರಿದ ಐಪಿಎಯನ್ನು ಎಷ್ಟೇ ಎತ್ತರದ ಕಾಲಂನಲ್ಲಿ ಇಳಿಸಿದರೂ ತೂಕದಲ್ಲಿ ಸುಮಾರು ಶೇ 88ಕ್ಕೆ ನಿಂತುಬಿಡುತ್ತದೆ, ಏಕೆಂದರೆ ಆ ಪ್ರಮಾಣದಲ್ಲಿ ಎರಡೂ ಒಟ್ಟಿಗೇ 80 ಡಿಗ್ರಿಯ ಸುಮಾರಿಗೆ ಕುದಿಯುತ್ತವೆ. ಆಮೇಲೆ ಉಳಿದ ನೀರನ್ನು ತೆಗೆಯಲು ಮಾಲಿಕ್ಯುಲರ್ ಸೀವ್ ಅಥವಾ ಪರ್ವೇಪರೇಶನ್ ಪೊರೆ ಬೇಕು. ಹಿಂದೆಲ್ಲ ಬೆಂಜೀನ್ ಹಾಕಿ ಈ ಜೋಡಿಯನ್ನು ಬಿಡಿಸುತ್ತಿದ್ದರು. ಇಂದು ಔಷಧದ ಕೆಲಸದಲ್ಲಿ ಅದರ ಹೆಸರೆತ್ತುವಂತಿಲ್ಲ. ಆದ್ದರಿಂದ ನನ್ನ ಸಲಹೆ: ಮೊದಲ ಹಂತದಲ್ಲಿ ಟಾಲೂಯಿನ್ ಮಾತ್ರ. ಐಪಿಎಯಲ್ಲಿ ಕೊನೆಯ ತೊಳೆತಕ್ಕೆ ಮಾತ್ರ ಒಣ ಐಪಿಎ ಬೇಕಿದ್ದು, ಮೊದಲ ತೊಳೆತಕ್ಕೆ ಶೇ 88ರದೇ ಸಾಕಾಗುತ್ತದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ನೋಡಿ. ಅನೇಕ ಪ್ರಕ್ರಿಯೆಗಳಲ್ಲಿ ಸಾಕಾಗುತ್ತದೆ. ಯಾರೂ ಕೇಳಿರುವುದಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ಖರೀದಿ 14 ಟನ್, ಹೊರಹೋಗುವುದು 12 ಟನ್. ಉಳಿದ 2 ಟನ್ ಟಾಲೂಯಿನ್, 1 ಟನ್ ಐಪಿಎ ಎಲ್ಲಿ? ಉತ್ಪನ್ನದೊಳಗೆ ಅಷ್ಟು ಹೋಗಿದ್ದರೆ ನಿಮ್ಮ ಮಾಲು ತಿರಸ್ಕೃತವಾಗುತ್ತಿತ್ತು. ಸೆಂಟ್ರಿಫ್ಯೂಜ್ ಮುಚ್ಚಳ, ಡ್ರೈಯರ್ ವೆಂಟ್, ವ್ಯಾಕ್ಯೂಮ್ ಪಂಪಿನ ನೀರು, ಈ ಮೂರನ್ನು ಹುಡುಕಿ.

ಉತ್ತರ 3: ಗಡಿರೇಖೆ

ಕಾಲಂ ಕಟ್ಟುವವರ ಗುಣಾಕಾರ ಸರಿಯಾಗಿದೆ, ಆದರೆ ಅದರಿಂದ 55 ಟನ್ ಉಳಿಯುತ್ತದೆಯೆಂದು ಯಾರಾದರೂ ಕೊಳ್ಳುವವರಿಗೆ ಬರೆದುಕೊಟ್ಟರೆ ತಪ್ಪಾಗುತ್ತದೆ. ನಾನು ಜೀವನಚಕ್ರ ವಿಶ್ಲೇಷಣೆಯನ್ನು, ಅಂದರೆ ವಸ್ತುವಿನ ಹುಟ್ಟಿನಿಂದ ಕೊನೆಯವರೆಗಿನ ಪರಿಸರ ಲೆಕ್ಕವನ್ನು, ಕಲಿಸುವವನು. ಈ ತಪ್ಪನ್ನು ಪ್ರತಿವರ್ಷ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ನೋಡುತ್ತೇನೆ.

ಸಿಮೆಂಟ್ ಗೂಡಿನೊಳಗೆ ನಿಮ್ಮ ಟಾಲೂಯಿನ್ ಉರಿದಾಗ ಅಷ್ಟರಮಟ್ಟಿಗೆ ಅವರು ಕಲ್ಲಿದ್ದಲನ್ನು ಕಡಿಮೆ ಹಾಕುತ್ತಾರೆ. ಟಾಲೂಯಿನ್‌ನ ಒಂದು ಕಿಲೋದಲ್ಲಿ ಸುಮಾರು 40 ಮೆಗಾಜೂಲ್ ಶಾಖವಿದೆ. ಅಷ್ಟೇ ಶಾಖವನ್ನು ಕಲ್ಲಿದ್ದಲಿನಿಂದ ಪಡೆದರೆ 3.8 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಟಾಲೂಯಿನ್‌ನಿಂದ ಬರುವ 3.35ಕ್ಕಿಂತ ಹೆಚ್ಚು. ನಾಳೆ ನೀವು ಸಾಲ್ವೆಂಟ್ ಕಳಿಸುವುದನ್ನು ನಿಲ್ಲಿಸಿದರೆ ಗೂಡು ಆರಿಹೋಗುವುದಿಲ್ಲ, ಅಲ್ಲಿಗೆ ಮತ್ತೆ ಕಲ್ಲಿದ್ದಲು ಬೀಳುತ್ತದೆ. ಹಾಗಾಗಿ ವಾತಾವರಣದ ದೃಷ್ಟಿಯಿಂದ ನೋಡಿದರೆ ಉರಿಯುವ ಹಂತದಲ್ಲಿ ಲಾಭವಿಲ್ಲ, ಬದಲಿಗೆ ಕಿಲೋಗೆ ಅರ್ಧ ಕಿಲೋದಷ್ಟು ನಷ್ಟವೇ ಇದೆ.

ಹಾಗಾದರೆ ಬಟ್ಟಿ ಇಳಿಸುವುದು ದಂಡವೇ? ಅಲ್ಲ. ಲಾಭ ಇರುವುದು ಇನ್ನೊಂದು ತುದಿಯಲ್ಲಿ. ನೀವು ಕೊಳ್ಳದೆ ಬಿಟ್ಟ ಪ್ರತಿಯೊಂದು ಕಿಲೋ ಹೊಸ ಟಾಲೂಯಿನ್‌ಗೆ ನೆಲದಿಂದ ಕಚ್ಚಾತೈಲ ತೆಗೆಯಬೇಕಿಲ್ಲ, ರಿಫೈನರಿಯಲ್ಲಿ ನಾಫ್ತಾವನ್ನು ರಿಫಾರ್ಮ್ ಮಾಡಬೇಕಿಲ್ಲ, ಬೇರ್ಪಡಿಸಬೇಕಿಲ್ಲ, ಟ್ಯಾಂಕರಿನಲ್ಲಿ ಜಿಗಣಿಗೆ ತರಬೇಕಿಲ್ಲ. ಆ ಮೊತ್ತದಿಂದ ಮೇಲೆ ಹೇಳಿದ ಅರ್ಧ ಕಿಲೋವನ್ನೂ, ಬಟ್ಟಿಯ 0.15 ಕಿಲೋವನ್ನೂ ಕಳೆದು ಉಳಿದದ್ದು ನಿಮ್ಮ ನಿಜವಾದ ಉಳಿತಾಯ. ಅದು 3.35ಕ್ಕಿಂತ ಬಹಳ ಚಿಕ್ಕದು. ಒಮ್ಮೆ ಮರಳಿ ಪಡೆದದ್ದನ್ನು ಹತ್ತು ಬಾರಿ ತಿರುಗಿಸಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ.

ಕೊಳ್ಳುವವರು ಕೇಳಿರುವುದು ಉತ್ಪನ್ನದ ಇಂಗಾಲದ ಹೆಜ್ಜೆಗುರುತನ್ನು. ಐಎಸ್‌ಒ 14067 ಎಂಬ ಮಾನಕವಿದೆ. ರಾಸಾಯನಿಕ ಉದ್ಯಮಕ್ಕೆಂದೇ ಟುಗೆದರ್ ಫಾರ್ ಸಸ್ಟೈನಬಿಲಿಟಿ ಒಕ್ಕೂಟ 2022ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಯಾವುದನ್ನು ಅನುಸರಿಸುತ್ತೀರೋ ಅದರ ಹೆಸರನ್ನೂ, ಗೂಡಿನಲ್ಲಿ ಉರಿದದ್ದನ್ನು ಯಾರ ಖಾತೆಗೆ ಹಾಕಿದ್ದೀರಿ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಮತ್ತು ಗೂಡಿಗೆ ಹೋದದ್ದನ್ನು ಮರುಬಳಕೆ ಎಂದು ಬರೆಯಬೇಡಿ. ಶಾಖದ ಮರುಗಳಿಕೆ ಎಂದು ಬರೆಯಬಹುದು. ಪದಾರ್ಥ ಮತ್ತೆ ಪದಾರ್ಥವಾಗಿಯೇ ಉಳಿದರೆ ಮಾತ್ರ ಅದು ಮರುಬಳಕೆ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಆದರೆ ವಿಷಯಕ್ಕೆ ಸೇರಿದ್ದೇ. ರಾಸಾಯನಿಕ ಉದ್ಯಮಕ್ಕೆ ಬರುವ ತೈಲ, ಅನಿಲಗಳಲ್ಲಿ ಸುಮಾರು ಅರ್ಧ ಭಾಗ ಇಂಧನವಾಗಿ ಉರಿಯುವುದೇ ಇಲ್ಲ. ಕಚ್ಚಾವಸ್ತುವಾಗಿ ಪದಾರ್ಥದೊಳಕ್ಕೆ ಸೇರಿಬಿಡುತ್ತದೆ. ಹಾಗೆ ಸೇರಿದ ಇಂಗಾಲ ಎಂದೋ ಒಂದು ದಿನ ಬೇರೆ ಕಡೆ ಹೊರಬರುತ್ತದೆ. ಯೂರಿಯಾವನ್ನೇ ನೋಡಿ. ಅಮೋನಿಯಾ ಮಾಡುವಾಗ ಬಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಒಂದು ಟನ್ ಯೂರಿಯಾಕ್ಕೆ ಸುಮಾರು 0.73 ಟನ್‌ನಂತೆ ಅದರೊಳಗೆ ಕಟ್ಟಿಹಾಕುತ್ತಾರೆ. ಕಾರ್ಖಾನೆಯ ಚಿಮಣಿ ನೋಡಿದವರಿಗೆ ಅದು ಉಳಿತಾಯದಂತೆ ಕಾಣುತ್ತದೆ. ಆದರೆ ರೈತರು ಗದ್ದೆಗೆ ಎರಚಿದ ಮೇಲೆ ಅದು ಗಾಳಿಗೇ ಸೇರುತ್ತದೆ. ನಿಮ್ಮ ಸಾಲ್ವೆಂಟ್ ಡ್ರಮ್ಮಿನ ಕಥೆಯೂ ಇದೇ ಜಾತಿಯದು.

ಚಿಮಣಿಯಿಂದಲೇ ಇಂಗಾಲ ಹಿಡಿಯುವ ಯಂತ್ರ ಮಾರುವವರೂ ನಿಮ್ಮ ಬಳಿ ಬರಬಹುದು. ತೂತ್ತುಕುಡಿಯಲ್ಲಿ ಸೋಡಾ ಆ್ಯಶ್ ಕಾರ್ಖಾನೆಯೊಂದು 2016ರಿಂದ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಅಲ್ಲೇ ಕಚ್ಚಾವಸ್ತುವಾಗಿ ಬಳಸುತ್ತಿದೆ. ಅದರ ಸಾಮರ್ಥ್ಯ ವರ್ಷಕ್ಕೆ 60,000 ಟನ್. ನಿಮ್ಮ ಬಾಯ್ಲರಿನದು ವರ್ಷಕ್ಕೆ 400 ಟನ್. ಅವರಿಗೆ ಹಿಡಿದದ್ದನ್ನು ಹಾಕಲು ಪಕ್ಕದಲ್ಲೇ ಜಾಗವಿದೆ, ನಿಮಗಿಲ್ಲ. ಆ ಮಾತುಕತೆಗೆ ಸಮಯ ಕಳೆಯಬೇಡಿ.

ಉತ್ತರ 4: ಅನುಮತಿ ಪತ್ರ

ಕಾಗದಪತ್ರದ ಕಡೆಯಿಂದ ಬೇಗ ಹೇಳಿ ಮುಗಿಸುತ್ತೇನೆ.

ಯುರೋಪಿನ ಗಡಿ ಇಂಗಾಲ ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ವರದಿ ಹಂತದಿಂದ ಶುರುವಾಗಿ, 2026ರ ಜನವರಿ 1ರಿಂದ ಪೂರ್ಣ ಹಂತಕ್ಕೆ ಬಂದಿದೆ. ಆರಂಭದ ಪಟ್ಟಿಯಲ್ಲಿರುವುದು ಸಿಮೆಂಟ್, ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ವಿದ್ಯುತ್, ಹೈಡ್ರೋಜನ್ ಮಾತ್ರ. ಔಷಧದ ಇಂಟರ್ಮೀಡಿಯೆಟ್ ಅದರಲ್ಲಿಲ್ಲ. ನಮ್ಮ ದೇಶದಲ್ಲಿ 2023ರಲ್ಲಿ ಅಧಿಸೂಚನೆಯಾದ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆಯಲ್ಲಿ ಕಾಸ್ಟಿಕ್ ಸೋಡಾ ತಯಾರಕರಂಥ ದೊಡ್ಡ ಘಟಕಗಳಿವೆ, ನಿಮ್ಮಂಥವರಿಲ್ಲ. ಆದ್ದರಿಂದ ನಿಮಗೆ ಬಂದಿರುವುದು ಕಾನೂನಿನ ಒತ್ತಡವಲ್ಲ, ಗಿರಾಕಿಯ ಒತ್ತಡ. ಅದು ಕಡಿಮೆಯೇನಲ್ಲ.

ಬಳಸಿದ ಸಾಲ್ವೆಂಟ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಯಲ್ಲಿದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಒಳಗೇ ಬಟ್ಟಿ ಇಳಿಸುವುದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಆ ಬಟ್ಟಿ ಕಾಲಂ ನಮೂದಾಗಿರಬೇಕು. ಕಟ್ಟಿದ ಮೇಲೆ ಅರ್ಜಿ ಹಾಕಿದ ಒಬ್ಬರ ಕಡತವನ್ನು ನಾನೇ ಹೊತ್ತು ತಿರುಗಿದ್ದೇನೆ, ಬೇಡ. ಟಾಲೂಯಿನ್ 4 ಡಿಗ್ರಿಗೇ ಹೊತ್ತಿಕೊಳ್ಳುವ ಆವಿ ಕೊಡುವುದರಿಂದ ಸಂಗ್ರಹಣೆಯ ಪ್ರಮಾಣ ಬದಲಾದರೆ ಸ್ಫೋಟಕಗಳ ಇಲಾಖೆಯ ಪರವಾನಗಿಯನ್ನೂ ನೋಡಿಕೊಳ್ಳಬೇಕು. ಔಷಧ ಗಿರಾಕಿಗಳ ವಿಷಯದಲ್ಲಿ, ಔಷಧದ ಮೂಲವಸ್ತು ತಯಾರಿಕೆಗಿರುವ ಐಸಿಎಚ್ ಕ್ಯೂ7 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಮರಳಿ ಪಡೆದ ಸಾಲ್ವೆಂಟನ್ನು ಬಳಸಲು ಅವಕಾಶ ಕೊಡುತ್ತದೆ; ಆದರೆ ವಿಧಾನ ಹಿಡಿತದಲ್ಲಿರಬೇಕು, ಶುದ್ಧತೆಯ ಮಾನದಂಡ ದಾಖಲೆಯಲ್ಲಿರಬೇಕು. ಗಿರಾಕಿಗೆ ಮೊದಲೇ ತಿಳಿಸಿಬಿಡಿ.

ಖಾಲಿ ಡ್ರಮ್ಮುಗಳನ್ನು ಯಾರೂ ಎತ್ತಲಿಲ್ಲವಾದ್ದರಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ನೀರಿನ ಪರದಾಟ ಶುರುವಾದ ಕೂಡಲೇ ಬೆಂಗಳೂರಿನ ಸುತ್ತ ನೀಲಿ ಡ್ರಮ್ಮುಗಳಿಗೆ ಬೇಡಿಕೆ ಬರುತ್ತದೆ. ಗುಜರಿಯವರು ಒಮ್ಮೆ ನೀರು ಕುಲುಕಿ ಮಾರಿಬಿಡುತ್ತಾರೆ, ಕೊಂಡವರು ಅದರಲ್ಲಿ ಅಡುಗೆಯ ನೀರು ತುಂಬುತ್ತಾರೆ. ಇದಕ್ಕೆ ಮರುಬಳಕೆ ಎಂಬ ಒಳ್ಳೆಯ ಹೆಸರನ್ನು ಕೊಡಬಾರದು. ಅಪಾಯಕಾರಿ ರಾಸಾಯನಿಕವಿದ್ದ ಡ್ರಮ್ಮು ಕೂಡ ಅದೇ ನಿಯಮದ ಪಟ್ಟಿಯಲ್ಲಿದೆ. ಅನುಮತಿ ಪಡೆದ ಡ್ರಮ್ ತೊಳೆಯುವವರಿಗೇ ಕೊಡಿ, ಅಥವಾ ಟಾಲೂಯಿನ್ ಸರಬರಾಜುದಾರರು ಟ್ಯಾಂಕರಿನಲ್ಲಿ ಕೊಡುವುದಾದರೆ ಡ್ರಮ್ಮನ್ನೇ ಬಿಟ್ಟುಬಿಡಿ.

ಮರುಉತ್ತರ: ಜಿಗಣಿ ಪ್ರೊಡಕ್ಷನ್

ಎಲ್ಲರಿಗೂ ಧನ್ಯವಾದಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಮೊದಲು ಆ ಕಾಣೆಯಾದ 2 ಟನ್ ಟಾಲೂಯಿನ್ ಬೆನ್ನು ಹತ್ತಿದೆವು. ಪ್ರತಿ ಬ್ಯಾಚಿನಲ್ಲಿ ಎಷ್ಟು ಹಾಕಿದೆವು, ಉತ್ಪನ್ನವನ್ನು ಸೋಸಿದ ಮೇಲೆ ಉಳಿಯುವ ದ್ರವದಲ್ಲಿ (ಮದರ್ ಲಿಕರ್‌ನಲ್ಲಿ) ಎಷ್ಟು ಬಂತು, ಒದ್ದೆ ಕೇಕಿನಲ್ಲಿ ಎಷ್ಟು ಉಳಿಯಿತು ಎಂದು ಹನ್ನೆರಡು ಬ್ಯಾಚುಗಳನ್ನು ತೂಗಿದೆವು. ನಷ್ಟದ ಅರ್ಧಕ್ಕಿಂತ ಹೆಚ್ಚಿನ ಪಾಲು ಡ್ರೈಯರಿನ ವೆಂಟ್‌ನಲ್ಲಿತ್ತು. ಅಲ್ಲಿನ ಕಂಡೆನ್ಸರಿಗೆ ಕೂಲಿಂಗ್ ಟವರಿನ ನೀರನ್ನೇ ಕೊಡುತ್ತಿದ್ದೆವು. ಬೆಂಗಳೂರಿನ ಹವೆಯಲ್ಲಿ ಡಿಸೆಂಬರಿನಲ್ಲಿ ಅದು ಸಾಕಾಗುತ್ತಿತ್ತು, ಏಪ್ರಿಲ್‌ನಲ್ಲಿ ಸಾಕಾಗುತ್ತಿರಲಿಲ್ಲ. ವರ್ಷದ ಸರಾಸರಿ ನೋಡುತ್ತಿದ್ದ ನಮಗೆ ಅದು ಗೊತ್ತೇ ಆಗಿರಲಿಲ್ಲ. ಈಗ ಅದರ ಹಿಂದೆ 5 ಡಿಗ್ರಿಯ ಚಿಲ್ಡ್ ವಾಟರಿನ ಇನ್ನೊಂದು ಸಣ್ಣ ಕಂಡೆನ್ಸರ್ ಕೂರಿಸಿದ್ದೇವೆ.

ಗಿರಾಕಿಗೆ ಕಳಿಸುವ ಕರಡಿನಲ್ಲಿ 55 ಟನ್ ಎಂಬ ಅಂಕಿಯನ್ನು ನಾನು ಬರೆದೇಬಿಟ್ಟಿದ್ದೆ. ಗಡಿರೇಖೆಯವರ ಉತ್ತರ ಓದಿ ಅಳಿಸಿದೆ. ಈಗ ಖರೀದಿಸಿದ ಸಾಲ್ವೆಂಟಿನ ತಯಾರಿಕೆಯ ಹೆಜ್ಜೆಗುರುತನ್ನು ನಮ್ಮ ಖಾತೆಗೆ ಸೇರಿಸಿ, ಗೂಡಿನಲ್ಲಿ ಉರಿದದ್ದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿದ್ದೇನೆ.

ಯಜಮಾನರು ಸೌರ ಫಲಕವನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಟಾಲೂಯಿನ್ ಕಾಲಂಗೆ ಸಮ್ಮತಿ ಅರ್ಜಿ ಮೊದಲು ಹೋಗಲಿ ಎಂದಿದ್ದಾರೆ. ಅದು ಬರುವವರೆಗೆ ಎರಡೂ ಉತ್ಪನ್ನಗಳ ಮದರ್ ಲಿಕರ್ ಒಂದೇ ಟ್ಯಾಂಕಿಗೆ ಬೀಳದಂತೆ ಲೈನುಗಳನ್ನು ಬೇರೆ ಮಾಡುತ್ತಿದ್ದೇವೆ. ಒಂದು ಸಣ್ಣ ಸಂದೇಹ: ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿಯನ್ನು ಎಷ್ಟರಮಟ್ಟಿಗೆ ಗಟ್ಟಿ ಮಾಡಬಹುದು?

ಉತ್ತರ: ಕಾಲಂ ಕಟ್ಟುವವಳು

ಪೂರ್ತಿ ಒಣಗುವವರೆಗೆ ಎಂದೂ ಹೋಗಬೇಡಿ. ತಳದಲ್ಲಿ ಏನೇನು ಸೇರಿಕೊಂಡಿದೆಯೆಂದು ಪರೀಕ್ಷಿಸದೆ ಗಟ್ಟಿ ಮಾಡಿದರೆ ಶಾಖಕ್ಕೆ ತಾನೇ ಒಡೆಯುವ ಪದಾರ್ಥಗಳು ಅಲ್ಲೇ ಕೂಡಿಕೊಳ್ಳುತ್ತವೆ. ಪಂಪ್ ಮಾಡಲು ಬರುವಷ್ಟು ತೆಳ್ಳಗಿರುವಾಗಲೇ ನಿಲ್ಲಿಸಿ. ಸುಮಾರು ಶೇ 15ರಿಂದ 20ರಷ್ಟನ್ನು ತಳದಲ್ಲೇ ಬಿಟ್ಟು ಶುರುಮಾಡಿ, ಗಸಿಯ ಮಾದರಿಯನ್ನು ಕ್ಯಾಲೊರಿಮೀಟರಿನಲ್ಲಿ ಪರೀಕ್ಷಿಸಿದ ಮೇಲಷ್ಟೇ ಆ ಅಂಕಿಯನ್ನು ತಗ್ಗಿಸಿ. ಆ ಗಸಿ ಗೂಡಿಗೇ ಹೋಗಲಿ, ಅದಕ್ಕೆ ಅದೇ ಸರಿಯಾದ ಜಾಗ. ಮುಂದೆಂದಾದರೂ ಟಿಎಚ್‌ಎಫ್ (ಟೆಟ್ರಾಹೈಡ್ರೊಫ್ಯುರಾನ್) ಎಂಬ ಸಾಲ್ವೆಂಟ್ ಬಳಸುವ ಪ್ರಕ್ರಿಯೆ ನಿಮ್ಮಲ್ಲಿ ಬಂದರೆ ಇದೇ ಕಾಲಂಗೆ ಹಾಗೇ ಹಾಕಬೇಡಿ. ಅದರಲ್ಲಿ ಪೆರಾಕ್ಸೈಡ್ ಬೆಳೆಯುತ್ತದೆ, ಪ್ರತಿ ಬಾರಿಯೂ ಬಟ್ಟಿಗೆ ಮುಂಚೆ ಪರೀಕ್ಷಿಸಲೇಬೇಕು.